ಯಾರ ಜೊತೆ ಹೊರಡುವುದು? ಹಳೆಯ ಆರ್‌ಪಿಜಿಗಳ ಸಂಗಾತಿಗಳು, ಅವರ ಮಾತು, ತಂಡ ಕಟ್ಟುವ ಬಗೆ

1997ರಿಂದ 2004ರ ನಡುವೆ ಬಂದ ಕಂಪ್ಯೂಟರ್ ಆರ್‌ಪಿಜಿಗಳನ್ನು (ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಒಂದು ಪಾತ್ರ ವಹಿಸಿ ಆಡುವ ಆಟ) ಇವತ್ತು ಮೊದಲ ಸಲ ಆಡಹೊರಟವರು ‘ಯಾವುದರ ಕಥೆ ಚೆನ್ನಾಗಿದೆ’ ಎಂದು ಕೇಳುತ್ತಾರೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಒಂದಿದೆ: ಆ ಗೇಮಿನಲ್ಲಿ ಸಂಗಾತಿ, ಅಂದರೆ ನಿಮ್ಮ ತಂಡ ಸೇರುವ ಗೇಮಿನದೇ ಪಾತ್ರ, ಬಾಯಿ ಬಿಡುವುದು ಯಾವಾಗ? ತಾನಾಗಿಯೇ ಬಂದು ಮಾತಾಡಿಸುತ್ತಾನೋ, ನೀವೇ ಹೋಗಿ ಕೆದಕಬೇಕೋ, ಇಲ್ಲವೇ ನೀವು ಮಾಡಿದ್ದನ್ನು ನೋಡಿ ಮೆಚ್ಚಿಯೋ ಮುನಿದೋ ಮಾತಿಗಿಳಿಯುತ್ತಾನೋ? ಇದು ಗೊತ್ತಾದರೆ ಎಷ್ಟು ಜನರನ್ನು ಕಟ್ಟಿಕೊಂಡು ಹೋಗಬೇಕು, ಪಾತ್ರ ಮಾಡುವಾಗ ಯಾವ ಗುಣಕ್ಕೆ ಪಾಯಿಂಟ್ ಸುರಿಯಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ ಎನ್ನುವುದೆಲ್ಲ ಹಿಂದೆಯೇ ತಿಳಿಯುತ್ತದೆ.

ಇನ್ನೊಂದು ಲೆಕ್ಕವನ್ನೂ ಮೊದಲೇ ಹೇಳಿಬಿಡಬೇಕು. ಸಂಗಾತಿಗಳು ನಿಮ್ಮ ಜೊತೆ ಮಾತ್ರವಲ್ಲ, ತಮ್ಮತಮ್ಮಲ್ಲೂ ಮಾತಾಡಬೇಕಾದರೆ ಪ್ರತಿ ಜೋಡಿಗೂ ಬೇರೆ ಸಂಭಾಷಣೆ ಬರೆಯಬೇಕು. 7 ಸಂಗಾತಿಗಳಿದ್ದರೆ 21 ಜೋಡಿ. 16 ಇದ್ದರೆ 120. 25 ಇದ್ದರೆ 300. ಮೊದಲನೆಯದು ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’, ಎರಡನೆಯದು ‘ಬಾಲ್ಡರ್ಸ್ ಗೇಟ್ 2’, ಮೂರನೆಯದು ಮೊದಲ ‘ಬಾಲ್ಡರ್ಸ್ ಗೇಟ್’. ಮೂರೂ ಇನ್ಫಿನಿಟಿ ಎಂಜಿನ್ ಎಂಬ ಒಂದೇ ಗೇಮ್ ತಂತ್ರಾಂಶದ ಮೇಲೆ ಕಟ್ಟಿದವು. ಆದರೂ ಸಂಗಾತಿಗಳ ಮಾತಿನ ಆಳದಲ್ಲಿ ಅಜಗಜಾಂತರ ಇರುವುದಕ್ಕೆ ಈ ಗಣಿತವೂ ಒಂದು ಕಾರಣ. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿಗೆ ಬರುವ ಮಾತು ಕಡಿಮೆ. ಯಾವ ಗೇಮ್ ಎಂದು ಆರಿಸುವ ಮೊದಲು ನಿಮಗೆ ಬೇಕಾದದ್ದು ಜನವೋ ಮಾತೋ ಎಂದು ನಿರ್ಧರಿಸಿಕೊಳ್ಳಿ. ಎರಡೂ ಒಟ್ಟಿಗೆ ಸಿಕ್ಕುವುದು ಅಪರೂಪ.

ಮುಂದೆ ಓದುವಾಗ ಭಯ ಬೇಡ, ಕಥೆಯ ದೊಡ್ಡ ಗುಟ್ಟುಗಳನ್ನು ಇಲ್ಲಿ ಬಿಚ್ಚಿಲ್ಲ.

ಬಾಲ್ಡರ್ಸ್ ಗೇಟ್ (1998): ಜನ ಹೆಚ್ಚು, ಮಾತು ಕಡಿಮೆ

ನೀವೂ ಸೇರಿ ಆರು ಜನರ ತಂಡ. ಆರಿಸಿಕೊಳ್ಳಲು 25 ಮಂದಿ. ಸೇರುವಾಗ ನಾಲ್ಕು ಮಾತಾಡುತ್ತಾರೆ, ಆಮೇಲೆ ಬಹುಪಾಲು ಒಂದೊಂದು ಸಾಲಿನ ಉದ್ಗಾರ, ಗೊಣಗಾಟ, ಮೆಚ್ಚುಗೆ ಅಷ್ಟೆ. ದೀರ್ಘ ಸಂಭಾಷಣೆ ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಸೆ ಖಂಡಿತ. ಆದರೆ ತಂಡ ಕಟ್ಟುವ ಆಟ ಎಂದು ನೋಡಿದರೆ ಇದರಷ್ಟು ಸ್ವಾತಂತ್ರ್ಯ ಕೊಡುವ ಗೇಮ್ ಆ ಕಾಲದಲ್ಲಿ ಸಿಗುವುದು ಕಷ್ಟ.

ಇಲ್ಲಿ ಸಂಗಾತಿಗಳು ಮಾತಾಡುವುದಕ್ಕಿಂತ ಹೆಚ್ಚಾಗಿ ನಡೆದುಕೊಳ್ಳುತ್ತಾರೆ. ತಂಡಕ್ಕೆ ಒಟ್ಟಾರೆ ಒಂದು ಕೀರ್ತಿಯ ಅಂಕ ಇದೆ, 1ರಿಂದ 20ರವರೆಗೆ. ಒಳ್ಳೆಯ ಅಲೈನ್‌ಮೆಂಟಿನವರು (ಪಾತ್ರದ ಒಳ್ಳೆಯ-ಕೆಟ್ಟ ಒಲವಿಗೆ ಅಲೈನ್‌ಮೆಂಟ್ ಎನ್ನುತ್ತಾರೆ) ಕೀರ್ತಿ ಕುಸಿದರೆ ಮುಖ ಸಿಂಡರಿಸುತ್ತಾರೆ, ಕೊನೆಗೆ ಬಿಟ್ಟು ಹೋಗುತ್ತಾರೆ. ಕೆಟ್ಟವರಿಗೆ ಅದು ತುದಿ ಮುಟ್ಟಿದರೆ ಸಹಿಸಲಾಗುವುದಿಲ್ಲ. ಎಡವುವುದು ಇಲ್ಲೇ: ವಿಕೋನಿಯಾ, ಎಡ್ವಿನ್, ಕಗೈನ್, ಶಾರ್-ಟೀಲ್ ತರಹದವರನ್ನು ಸೇರಿಸಿಕೊಂಡು, ಅದರ ಜೊತೆಗೆ ಸಿಕ್ಕಸಿಕ್ಕ ಹಳ್ಳಿಗರಿಗೆಲ್ಲ ಸಹಾಯ ಮಾಡುತ್ತಾ ಹೋದರೆ ಕೀರ್ತಿ ತಾನಾಗಿ ಏರಿ, ಅಂಗಡಿಯಲ್ಲಿ ಬೆಲೆ ಇಳಿದ ಖುಷಿಯಲ್ಲಿರುವಾಗಲೇ ತಂಡ ಒಡೆಯುತ್ತದೆ. ಮಿಶ್ರ ತಂಡಕ್ಕೆ ಕೀರ್ತಿ 10ರ ಆಸುಪಾಸಿನಲ್ಲಿರುವುದು ಕ್ಷೇಮ. ಅದು ಏರಿಸಲು ಸುಲಭ, ದೇವಸ್ಥಾನಕ್ಕೆ ದಾನ ಕೊಟ್ಟರೆ ಸಾಕು. ಇಳಿಸಲು ಪಾಪ ಮಾಡಬೇಕಾಗುತ್ತದೆ. ಆದ್ದರಿಂದ ದಾನಕ್ಕೆ ಕೈ ಹಾಕುವ ಮೊದಲು ತಂಡದಲ್ಲಿ ಯಾರಿದ್ದಾರೆ ಎಂದು ನೋಡಿಕೊಳ್ಳಿ.

ಎರಡನೆಯ ತೊಡಕು ಜೋಡಿಗಳದ್ದು. ಖಾಲಿದ್-ಜಹೀರಾ, ಮಿನ್ಸ್ಕ್-ಡೈನಾಹೀರ್, ಜಾರ್-ಮೊಂಟಾರನ್, ಎಲ್ಡೋತ್-ಸ್ಕೈ. ಒಬ್ಬರನ್ನು ತೆಗೆದರೆ ಇನ್ನೊಬ್ಬರೂ ಹೊರಡುತ್ತಾರೆ. ಆರು ಜಾಗದಲ್ಲಿ ಎರಡು ಜೋಡಿ ಹೀಗೆ ಕಟ್ಟಿಹೋದರೆ ಮಂತ್ರವಾದಿಗೋ ಕಳ್ಳನಿಗೋ ಜಾಗ ಸಿಗುವುದು ಕಷ್ಟ. ಎಡ್ವಿನ್‌ನನ್ನು ಕರೆದರೆ ಡೈನಾಹೀರ್ ಸಾವನ್ನೇ ಕೇಳುತ್ತಾನೆ, ಮಿನ್ಸ್ಕ್‌ನನ್ನು ಕರೆದರೆ ಅವಳನ್ನು ನಾಲ್ ಎಂಬ ರಾಕ್ಷಸರ ಕೋಟೆಯಿಂದ ಬಿಡಿಸಲು ಹೇಳುತ್ತಾನೆ. ಇಬ್ಬರೂ ನಾಶ್ಕೆಲ್ ಊರಲ್ಲೇ ಸಿಗುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ನಿಭಾಯಿಸುತ್ತೇನೆ ಎನ್ನುವುದು ಆಗದ ಮಾತು. ಮಿನ್ಸ್ಕ್‌ಗೆ ಮಾತು ಕೊಟ್ಟ ಮೇಲೆ ಬೇರೆ ಕೆಲಸಕ್ಕೆ ಅಲೆಯುತ್ತಾ ದಿನ ತಳ್ಳಿದರೆ ಅವನ ಸಹನೆಯೂ ಮುಗಿಯುತ್ತದೆ. ಖಾಲಿದ್ ಮತ್ತು ಜಹೀರಾರದ್ದೂ ನಾಶ್ಕೆಲ್ ಗಣಿಯ ವಿಷಯದಲ್ಲಿ ಇದೇ ಕಥೆ.

ಆರೂ ಜಾಗ ತುಂಬಲೇಬೇಕೆಂದೇನಿಲ್ಲ. ವೈರಿಯನ್ನು ಕೊಂದು ಬರುವ ಎಕ್ಸ್‌ಪೀರಿಯನ್ಸ್ ಪಾಯಿಂಟ್ ತಂಡದಲ್ಲಿ ಹಂಚಿಹೋಗುತ್ತದೆ. ನಾಲ್ಕೇ ಜನ ಇದ್ದರೆ ಪ್ರತಿಯೊಬ್ಬರೂ ಬೇಗ ಬೆಳೆಯುತ್ತಾರೆ. ಆದರೆ ಮೊದಲ ಎರಡು ಲೆವೆಲ್‌ಗಳಲ್ಲಿ ಒಂದು ಬಾಣಕ್ಕೆ ಪ್ರಾಣ ಹೋಗುವ ಗೇಮ್ ಇದು, ಹಾಗಾಗಿ ಹೊಸಬರು ಆರು ಜನರಿಂದಲೇ ಶುರು ಮಾಡುವುದು ಒಳ್ಳೆಯದು. ನೀವು, ಇಮೋಯೆನ್, ಖಾಲಿದ್, ಜಹೀರಾ, ಮಿನ್ಸ್ಕ್, ಡೈನಾಹೀರ್: ಕಳ್ಳಿ ಒಬ್ಬಳು, ಮುಂದೆ ನಿಲ್ಲುವವರು ಮೂವರು, ಮಂತ್ರಕ್ಕೆ ಒಬ್ಬಳು. ಇದರಲ್ಲಿ ಪೂಜಾರಿಯ ಕೊರತೆ ಇದೆ. ಜಹೀರಾ ಡ್ರೂಯಿಡ್ ಆದ್ದರಿಂದ ಗಾಯ ಮಾಯಿಸುವುದು ಸ್ವಲ್ಪ ಆಗುತ್ತದೆ. ಸಾಲದು ಅನಿಸಿದರೆ ನೀವೇ ಕ್ಲೆರಿಕ್ (ಪೂಜಾರಿ) ಆಗಿ ಹುಟ್ಟಿ, ಅಥವಾ ನಾಶ್ಕೆಲ್ ಜಾತ್ರೆಯಲ್ಲಿ ಕಲ್ಲಾಗಿ ನಿಂತಿರುವ ಪೂಜಾರಿಣಿ ಬ್ರಾನ್‌ವೆನ್‌ಳನ್ನು ಬಿಡಿಸಿ ಮಿನ್ಸ್ಕ್-ಡೈನಾಹೀರ್ ಜೋಡಿಯ ಬದಲು ತನ್ನಿ.

ಬಾಲ್ಡರ್ಸ್ ಗೇಟ್ 2 (2000): ಅವರೇ ಬಂದು ಮಾತಾಡುತ್ತಾರೆ

ಮೊದಲನೆಯದರಲ್ಲಿದ್ದ 25 ಜನ ಇಲ್ಲಿ 16ಕ್ಕೆ ಇಳಿದರು. 2001ರ ‘ಥ್ರೋನ್ ಆಫ್ ಭಾಲ್’ ವಿಸ್ತರಣೆಯಲ್ಲಿ ಇನ್ನೊಬ್ಬ ಸೇರುತ್ತಾನೆ. ಕಡಿತದಿಂದ ಉಳಿದ ಶ್ರಮವೆಲ್ಲ ಮಾತಿಗೆ ಹೋಗಿದೆ. ಆರ್‌ಪಿಜಿಗಳಲ್ಲಿ ಸಂಗಾತಿ ಎಂದರೆ ಹೀಗಿರಬೇಕು ಎಂಬ ನಿರೀಕ್ಷೆ ಬಹಳ ಜನರಲ್ಲಿ ಹುಟ್ಟಿದ್ದು ಈ ಗೇಮಿನಿಂದ. ಒಬ್ಬೊಬ್ಬರಿಗೂ ಒಂದು ಸ್ವಂತ ಕಥೆ, ಬಹುತೇಕ ಎಲ್ಲರಿಗೂ ಒಂದು ಕ್ವೆಸ್ಟ್ (ಮುಗಿಸಿಕೊಡಬೇಕಾದ ಕೆಲಸ), ನಡುನಡುವೆ ತಮ್ಮತಮ್ಮಲ್ಲಿ ಜಗಳ, ಕೀಟಲೆ, ಪ್ರೀತಿ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಸಂಗಾತಿಯ ಸ್ಕ್ರಿಪ್ಟ್ ಒಂದು ಗಡಿಯಾರ ಇಟ್ಟುಕೊಂಡಿರುತ್ತದೆ. ಒಂದು ಮಾತುಕತೆ ಮುಗಿದ ಮೇಲೆ ಇಂತಿಷ್ಟು ಹೊತ್ತು ಆಟ ಓಡಿದರೆ, ಸುತ್ತ ವೈರಿಗಳಿಲ್ಲದಿದ್ದರೆ, ಆ ಸಂಗಾತಿ ಹತ್ತಿರದಲ್ಲಿದ್ದರೆ ಮುಂದಿನ ಮಾತು ಶುರು. ಪ್ರೇಮದ ಸರಣಿಗಳಿಗೂ ಇದೇ ನಿಯಮ: ಎಷ್ಟನೆಯ ಮಾತು ಎಂಬ ಎಣಿಕೆ ಒಂದೊಂದಾಗಿ ಏರುತ್ತದೆ. ಗಡಿಯಾರ ಅಳೆಯುವುದು ಆಟ ನಿಜವಾಗಿ ಓಡಿದ ಹೊತ್ತನ್ನು. ಹೋಟೆಲಿನಲ್ಲಿ ಮಲಗಿ ಮಲಗಿ ವಾರ ಕಳೆದರೂ ಮುಳ್ಳು ಮುಂದೆ ಹೋಗುವುದಿಲ್ಲ. ಕೆಲವು ಮಾತುಗಳಿಗೆ ಮಾತ್ರ ನಿದ್ದೆ ಬೇಕು, ಅವು ಮಲಗಿ ಎದ್ದಾಗಲೇ ಬರುತ್ತವೆ. ‘ಏರಿ ಮಾತೇ ಆಡುತ್ತಿಲ್ಲ’ ಎಂದು ಗಾಬರಿಯಾಗುವವರು ಸಾಮಾನ್ಯವಾಗಿ ಬೇಗಬೇಗ ಒಂದು ಗುಹೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಊರಿನೊಳಗೆ ಕಾದಾಟವಿಲ್ಲದೆ ಸ್ವಲ್ಪ ಓಡಾಡಿದರೆ, ಹೊರಗೆ ಒಮ್ಮೆ ತಂಗಿದರೆ ಮಾತು ಮತ್ತೆ ಹರಿಯುತ್ತದೆ.

ಗಂಡು ಪಾತ್ರಕ್ಕೆ ಮೂಲ ಗೇಮಿನಲ್ಲಿ ಪ್ರೇಮಕ್ಕೆ ಏರಿ, ಜಹೀರಾ, ವಿಕೋನಿಯಾ. ಹೆಣ್ಣು ಪಾತ್ರಕ್ಕೆ ಅನೋಮೆನ್ ಒಬ್ಬನೇ. ಈ ಅಸಮತೋಲ ಗೇಮಿನ ದೊಡ್ಡ ಕೊರತೆ. ಏರಿಯ ಜೊತೆ ಮಾತಾಡುವಾಗ ಎಚ್ಚರ ಹೆಚ್ಚು ಬೇಕು, ಕಠಿಣವಾದ ಒಂದು ಉತ್ತರ ಅಲ್ಲಿಗೇ ಎಲ್ಲವನ್ನೂ ಮುಗಿಸಬಹುದು. ಜಹೀರಾಳದ್ದು ಹಾರ್ಪರ್ ಎಂಬ ಗುಪ್ತ ಸಂಘದ ಕಥೆಯೊಂದಿಗೆ ಹೆಣೆದ ಉದ್ದದ ಸರಣಿ. ಅನೋಮೆನ್‌ನಲ್ಲಿ ಇನ್ನೊಂದು ಪಾಠ ಇದೆ: ಅವನ ಮನೆಯ ದುರಂತದಲ್ಲಿ ನೀವು ಕೊಟ್ಟ ಸಲಹೆಯ ಮೇಲೆ ಅವನ ಯೋಧ ಪರೀಕ್ಷೆಯ ಫಲ ನಿಲ್ಲುತ್ತದೆ, ಅಲೈನ್‌ಮೆಂಟ್ ಸಹ ಬದಲಾಗುತ್ತದೆ. ಮಾತು ನೇರವಾಗಿ ಪಾತ್ರದ ಕಾಗದದ ಮೇಲೆ ಬರೆದಂತೆ. ಸಂಗಾತಿಯ ಮಾತನ್ನು ಅಲಂಕಾರವೆಂದು ತಿಳಿದು ದಾಟಿಸಿಬಿಡುವವರು ಇಂಥದ್ದನ್ನು ಕಳೆದುಕೊಳ್ಳುತ್ತಾರೆ.

ಜಗಳದ ಜೋಡಿಗಳಲ್ಲಿ ಹೆಸರುವಾಸಿಯಾದದ್ದು ಕೆಲ್ಡಾರ್ನ್ ಮತ್ತು ವಿಕೋನಿಯಾ. ಧರ್ಮಯೋಧ ಕೆಲ್ಡಾರ್ನ್‌ನ ಕಣ್ಣಿಗೆ ಡ್ರೌ (ನೆಲದಡಿಯ ಕಪ್ಪು ಎಲ್ಫ್ ಜನಾಂಗ) ಪೂಜಾರಿಣಿ ವಿಕೋನಿಯಾ ಕಂಡರೆ ಆಗದು. ಇಬ್ಬರನ್ನೂ ತಂಡದಲ್ಲಿಟ್ಟರೆ ಕೊನೆಗೆ ಕತ್ತಿ ಹೊರಬರುತ್ತದೆ. ಇನ್ನೊಂದು ಕಡೆ ಇಂಪಾದ ಸಂಬಂಧಗಳೂ ಇವೆ: ಏರಿ ಇದ್ದರೆ ಮಿನ್ಸ್ಕ್ ಅವಳನ್ನು ತನ್ನ ಹೊಸ ಮಾಟಗಾತಿಯಾಗಿ ಕಾಯುತ್ತೇನೆ ಎನ್ನುತ್ತಾನೆ. ಹೇರ್‌ಡಾಲಿಸ್ ಏರಿಯ ಸುತ್ತ ಕವಿತೆ ಹೇಳಿಕೊಂಡು ತಿರುಗುತ್ತಾನೆ. ನೀವು ಏರಿಯನ್ನು ಮೆಚ್ಚಿದ್ದರೆ ಹೇರ್‌ಡಾಲಿಸ್‌ನನ್ನು ಹೊರಗಿಡುವುದು ಲೇಸು.

ತಂಡ ಕಟ್ಟುವವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಬಲೆ ಬಿಡಿಸುವ ಕಳ್ಳನ ಬಗ್ಗೆ. ಇಮೋಯೆನ್ ಆರಂಭದಲ್ಲೇ ಕೈತಪ್ಪಿ ಬಹಳ ಹೊತ್ತಿನ ಮೇಲೆ ಸಿಗುತ್ತಾಳೆ. ಅಲ್ಲಿಯವರೆಗೆ ಯೋಶಿಮೊ, ಜಾನ್ ಜಾನ್ಸೆನ್, ನಾಲಿಯಾ ಈ ಮೂವರಲ್ಲಿ ಆರಿಸಬೇಕು. ನಾಲಿಯಾ ನಾಲ್ಕನೆಯ ಲೆವೆಲ್‌ನಲ್ಲೇ ಕಳ್ಳತನ ಬಿಟ್ಟು ಮಂತ್ರಕ್ಕೆ ಹೊರಳಿದವಳು. ಅವಳ ಕಳ್ಳವಿದ್ಯೆ ಇನ್ನು ಬೆಳೆಯುವುದಿಲ್ಲ, ಮುಂದಿನ ಬಲೆಗಳಿಗೆ ಅದು ಸಾಲದು. ಕಾರಣ ತಿಳಿಯದೆ ‘ಕಳ್ಳಿ ಇದ್ದಾಳಲ್ಲ’ ಎಂದು ಅವಳನ್ನೇ ನಂಬಿ ಹೋದವರು ಪೆಟ್ಟಿಗೆಗಳ ಮುಂದೆ ಸುಟ್ಟು ಬೂದಿಯಾಗುತ್ತಾರೆ. ಜಾನ್ ನಿಧಾನವಾಗಿ ಬೆಳೆದರೂ ಕೊನೆಯವರೆಗೆ ನಿಭಾಯಿಸುತ್ತಾನೆ, ಗೆಡ್ಡೆ-ಗೆಣಸಿನ ಕಥೆಗಳನ್ನು ಸಹಿಸುವ ತಾಳ್ಮೆ ನಿಮಗಿರಬೇಕು ಅಷ್ಟೆ.

ಮೊದಲ ಸಲ ಹಳೆಯ ಆರ್‌ಪಿಜಿಗೆ ಕಾಲಿಡುವವರಿಗೆ ನಮ್ಮ ಸಲಹೆ ಈ ಗೇಮ್. ಮಾತು ತಾನಾಗಿ ಬರುತ್ತದೆ, ಹುಡುಕಿಕೊಂಡು ಹೋಗುವ ಅಭ್ಯಾಸ ಇನ್ನೂ ಬೆಳೆಯದವರಿಗೂ ಅದು ಕೈಗೆ ಸಿಗುತ್ತದೆ.

ಪ್ಲೇನ್‌ಸ್ಕೇಪ್: ಟಾರ್ಮೆಂಟ್ (1999): ಕೇಳಿದವರಿಗೆ ಮಾತ್ರ

ಇದರ ಕ್ರಮ ತಿರುವುಮುರುವು. ಸಂಗಾತಿಗಳು ಏಳು, ಒಂದು ಸಲಕ್ಕೆ ಜೊತೆಗಿರುವುದು ಐದು. ದಾರಿಯಲ್ಲಿ ಅವರು ತಮ್ಮಲ್ಲಿ ಒಂದೆರಡು ಮಾತಾಡಿಕೊಳ್ಳುತ್ತಾರೆ ನಿಜ, ಆದರೆ ಆಳದ ಮಾತೆಲ್ಲ ಇರುವುದು ನೀವು ಅವರ ಮೇಲೆ ಕ್ಲಿಕ್ ಮಾಡಿ ಮಾತಾಡಿಸಿದಾಗ. ಮಾತಾಡಿಸದೆ ಕಥೆ ಮುಗಿಸಬಹುದು. ಹಾಗೆ ಮುಗಿಸಿದರೆ ಗೇಮಿನ ಹೃದಯವನ್ನೇ ನೋಡದೆ ಬಂದಂತೆ. ಒಟ್ಟು ಬರಹ ಸುಮಾರು 8 ಲಕ್ಷ ಪದಗಳು. ಕ್ರಿಸ್ ಅವೆಲ್ಲೋನ್ ಮುಖ್ಯ ವಿನ್ಯಾಸಕ, ತಯಾರಿಸಿದ್ದು ಬ್ಲ್ಯಾಕ್ ಐಲ್ ಸ್ಟುಡಿಯೋಸ್.

ಪಾತ್ರ ಮಾಡುವಾಗಲೇ ಗೆಲುವು-ಸೋಲು ಅರ್ಧ ನಿರ್ಧಾರ ಆಗಿರುತ್ತದೆ. ಎಲ್ಲ ಗುಣಗಳೂ 9ರಿಂದ ಶುರು, ಹಂಚಲು 21 ಪಾಯಿಂಟ್. ಕತ್ತಿವರಸೆಯ ಆಸೆಗೆ ಬಲ, ದೇಹಬಲಕ್ಕೆ ಸುರಿದರೆ ಸಂಭಾಷಣೆಯ ಒಳ್ಳೆಯ ಆಯ್ಕೆಗಳು ಪರದೆಯ ಮೇಲೆ ಮೂಡುವುದೇ ಇಲ್ಲ, ಮೂಡಲಿಲ್ಲ ಎಂದು ನಿಮಗೆ ಗೊತ್ತೂ ಆಗುವುದಿಲ್ಲ. ವಿವೇಕದ ಗುಣವಾದ ವಿಸ್‌ಡಮ್ 18ಕ್ಕೆ ಏರಿಸಿ (9 ಪಾಯಿಂಟ್), ಬುದ್ಧಿಯ ಇಂಟೆಲಿಜೆನ್ಸ್ 16 (7), ಉಳಿದ 5ನ್ನು ಆಕರ್ಷಣೆಯ ಕರಿಷ್ಮಾಗೆ ಹಾಕಿ 14 ಮಾಡಿ. ವಿಸ್‌ಡಮ್ ಹೆಚ್ಚಿದ್ದರೆ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಸಹ ಹೆಚ್ಚು ಬರುತ್ತದೆ. ಸಾಯುವ ಭಯ ಬೇಡ, ನಾಯಕ ಸತ್ತರೂ ಬಹುತೇಕ ಸಲ ಮತ್ತೆ ಏಳುತ್ತಾನೆ. ಕಾದಾಟ ಈ ಗೇಮಿನ ದುರ್ಬಲ ಭಾಗ, ಅದಕ್ಕಾಗಿ ಗುಣಗಳನ್ನು ಬಲಿ ಕೊಡುವುದರಲ್ಲಿ ಅರ್ಥವಿಲ್ಲ.

ಸಂಗಾತಿಯ ಸಂಭಾಷಣೆ ಹೇಗಿರಬೇಕು ಎನ್ನುವುದಕ್ಕೆ ಒಂದೇ ಉದಾಹರಣೆ ಕೊಡಿ ಎಂದರೆ ಡಾಕ್‌ಕಾನ್ ಹೆಸರು ಹೇಳಬೇಕು. ಹೈವ್ ಬಡಾವಣೆಯ ಸ್ಮೋಲ್ಡರಿಂಗ್ ಕಾರ್ಪ್ಸ್ ಎಂಬ ಬಾರಿನಲ್ಲಿ ಸಿಗುವ, ಗಿತ್‌ಜೆರಾಯ್ ಎಂಬ ಜನಾಂಗದ ಯೋಧ. ಅವನ ಬಳಿ ಜೆರ್ತಿಮೋನ್‌ನ ಬೋಧನೆಗಳನ್ನು ಒಳಗೊಂಡ ಕಲ್ಲಿನ ಚಕ್ರ ಇದೆ. ಒಂದೊಂದು ಸುತ್ತನ್ನು ತಿರುಗಿಸಿ ಓದಬೇಕು, ಓದಿದ್ದರ ಅರ್ಥವೇನೆಂದು ಅವನಿಗೆ ಒಪ್ಪಿಸಬೇಕು. ಅರ್ಥ ಹಿಡಿಯಿತು ಎನಿಸಿದರೆ ಮುಂದಿನ ಸುತ್ತಿನ ದಾರಿ ತೋರಿಸುತ್ತಾನೆ, ಮಂತ್ರಗಳೂ ಸಿಗುತ್ತವೆ. ನಡುವೆಯೇ ಗುರು ಯಾರು ಶಿಷ್ಯ ಯಾರು ಎನ್ನುವುದು ಅಲುಗಾಡಲು ಶುರುವಾಗುತ್ತದೆ. ಅವನ ಕತ್ತಿ ಅವನ ಮನಸ್ಸಿನ ಸ್ಥಿತಿಗೆ ತಕ್ಕಂತೆ ರೂಪ ತಳೆಯುವ ಲೋಹದ್ದು. ಅವನ ಸಂದೇಹ ನಿವಾರಿಸಿದಂತೆ ಕತ್ತಿಯೂ ಬಲಗೊಳ್ಳುತ್ತದೆ. ಒಂದೇ ಮಾತುಕತೆಯಲ್ಲಿ ತತ್ವಶಾಸ್ತ್ರ, ಸಂಬಂಧದ ಬೆಳವಣಿಗೆ, ಆಯುಧದ ಬೆಳವಣಿಗೆ ಮೂರೂ ಹೊಂದಿಕೊಂಡಿವೆ. ಮಾತು ಬೇರೆ ಆಟ ಬೇರೆ ಎಂದು ಇಲ್ಲಿ ಬಿಡಿಸಲಾಗದು. ಇದರ ಮುಂದೆ ಉಡುಗೊರೆ ಕೊಟ್ಟು ಮನಸ್ಸು ಗೆಲ್ಲಿಸುವ ನಂತರದ ಗೇಮ್‌ಗಳು ತೀರಾ ಬಡವಾಗಿ ಕಾಣುತ್ತವೆ.

ಇಲ್ಲಿ ಕೆಡುವುದು ಹೀಗೆ: ವಿಸ್‌ಡಮ್ ಕಡಿಮೆಯಿದ್ದರೆ ಚಕ್ರದ ಒಳಸುತ್ತುಗಳು ತೆರೆಯುವುದಿಲ್ಲ. ಆಗ ಡಾಕ್‌ಕಾನ್ ಬರೀ ಕತ್ತಿ ಹಿಡಿದು ಹಿಂದೆ ಬರುವ ಮೌನಿ ಅನಿಸುತ್ತಾನೆ. ಕಥೆಯಲ್ಲಿ ಹೊಸದೇನಾದರೂ ತಿಳಿದುಬಂದಾಗಲೆಲ್ಲ ಎಲ್ಲರನ್ನೂ ಮತ್ತೊಮ್ಮೆ ಮಾತಾಡಿಸುವ ರೂಢಿ ಇಟ್ಟುಕೊಳ್ಳಿ. ಹಳೆಯ ಪಟ್ಟಿಯ ಜೊತೆ ಹೊಸ ಪ್ರಶ್ನೆಯೊಂದು ಸದ್ದಿಲ್ಲದೆ ಸೇರಿರುತ್ತದೆ.

ಉಳಿದವರ ವಿಷಯ ಚಿಕ್ಕದಾಗಿ ಹೇಳಬಹುದು. ಮೋರ್ಟೆ ಎಂಬ ಹಾರುವ ತಲೆಬುರುಡೆ ಮೊದಲಿಂದ ಜೊತೆಗಿರುತ್ತಾನೆ. ಅವನ ಬೈಗುಳವೇ ಆಯುಧ, ಹೈವ್‌ನ ಬೀದಿಯಲ್ಲಿ ಬಾಯಿ ಜೋರಿನವರನ್ನು ಕೆಣಕಿ ಹೊಸ ಬೈಗುಳ ಕಲಿಸಬಹುದು. ಆನಾ ಕಳ್ಳಿ, ಫಾಲ್-ಫ್ರಮ್-ಗ್ರೇಸ್ ಪೂಜಾರಿಣಿ. ಗ್ರೇಸ್ ಬಂದ ಮೇಲೆ ಆನಾಳ ಮುಖ ಬಿಗಿಯುವುದು ನೋಡುವಂಥದ್ದು. ಇಗ್ನಸ್ ಅದೇ ಬಾರಿನಲ್ಲಿ ಉರಿಯುತ್ತಾ ತೇಲುತ್ತಿರುತ್ತಾನೆ, ಬತ್ತದ ನೀರಿನ ಹೂಜಿ ತಂದು ಅವನನ್ನು ಎಚ್ಚರಿಸಬೇಕು. ಅವನಿಂದ ಕಲಿಯುವ ಮಂತ್ರಗಳಿಗೆ ನಿಮ್ಮ ಮೈಯನ್ನೇ ಸುಡಿಸಿಕೊಳ್ಳಬೇಕು. ನಾರ್ಡಮ್‌ನನ್ನು ಬಹಳ ಜನ ನೋಡುವುದೇ ಇಲ್ಲ: ಕ್ಲರ್ಕ್ಸ್ ವಾರ್ಡಿನ ವಿಚಿತ್ರ ವಸ್ತುಗಳ ಅಂಗಡಿಯಲ್ಲಿ ಮೊಡ್ರಾನ್ ಎಂಬ ಯಂತ್ರಜೀವಿಯ ಆಕಾರದ ಆಟಿಕೆಯೊಂದನ್ನು ಕೊಂಡು, ಅದರ ಕೈಕಾಲು ತಿರುಗಿಸಿ ದ್ವಾರ ತೆರೆದರೆ ಸಿಗುವ ಚಕ್ರವ್ಯೂಹದೊಳಗೆ ಅವನಿದ್ದಾನೆ. ಸಿಗಿಲ್ ನಗರ ಬಿಟ್ಟು ರೇವಲ್ ಎಂಬ ಮಾಟಗಾತಿಯ ಜಾಗಕ್ಕೆ ಹೊರಡುವ ಮೊದಲು ಈ ಕೆಲಸ ಮುಗಿಸಿ, ಬೇಗ ಹಿಂದಿರುಗಲು ಆಗುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಎರಡನೆಯ ಭಾಷೆಯಾದವರಿಗೆ ಈ ಗೇಮ್ ಭಾರ. ಸಿಗಿಲ್ ಜನ ಹಳೆಯ ಲಂಡನ್ ಕಳ್ಳರ ಗುಪ್ತಮಾತಿನಿಂದ ತೆಗೆದ ಪದಗಳಲ್ಲಿ ಮಾತಾಡುತ್ತಾರೆ, ನಿಘಂಟು ತೆರೆದರೂ ಅರ್ಧ ಸಿಗುವುದಿಲ್ಲ. ಮೊದಲ ಎರಡು ಗಂಟೆ ಸಂದರ್ಭ ನೋಡಿ ಊಹಿಸುತ್ತಾ ಹೋಗಿ, ಅದೇ ಪದಗಳು ಮತ್ತೆಮತ್ತೆ ಬರುವುದರಿಂದ ಕಿವಿಗೆ ಹೊಂದಿಕೊಳ್ಳುತ್ತವೆ. 2017ರ ಎನ್‌ಹ್ಯಾನ್ಸ್ಡ್ ಆವೃತ್ತಿಯಲ್ಲಿ ಅಕ್ಷರದ ಗಾತ್ರ ಹೆಚ್ಚಿಸಬಹುದು, ಕಣ್ಣಿಗೆ ಅದೊಂದು ದೊಡ್ಡ ಉಪಕಾರ.

ಫಾಲ್‌ಔಟ್ 2 (1998): ಮಾತಿಗಿಂತ ಬೆನ್ನ ಹಿಂದಿನ ಬಂದೂಕು

1997ರ ಮೊದಲ ಫಾಲ್‌ಔಟ್‌ನಲ್ಲಿ ಇಯಾನ್, ಟೈಕೋ, ಕಟ್ಯಾ, ಡಾಗ್‌ಮೀಟ್ ಎಂಬ ನಾಯಿ ಇದ್ದರು. ಅವರ ಲೆವೆಲ್ ಏರುತ್ತಿರಲಿಲ್ಲ, ಕವಚ ಬದಲಿಸುವಂತಿರಲಿಲ್ಲ, ಕೊಟ್ಟ ವಸ್ತು ವಾಪಸ್ ಬೇಕೆಂದರೆ ವ್ಯಾಪಾರ ಮಾಡಬೇಕು ಇಲ್ಲವೇ ಕದಿಯಬೇಕು. ಬಾಗಿಲಲ್ಲಿ ಅಡ್ಡ ನಿಂತರೆ ಸರಿಸಲು ದಾರಿಯೇ ಇರಲಿಲ್ಲ. ಎರಡನೆಯ ಭಾಗ ಇದೆಲ್ಲವನ್ನೂ ಸರಿಪಡಿಸಿತು: ತಳ್ಳುವ ಆಜ್ಞೆ, ಕವಚ ತೊಡಿಸುವ ಆಜ್ಞೆ, ಕಾದಾಟದ ನಡತೆ ನಿಗದಿ ಮಾಡುವ ಫಲಕ, ಲೆವೆಲ್ ಬೆಳವಣಿಗೆ. ಆದ್ದರಿಂದ ಸಂಗಾತಿಗಾಗಿ ಆಡುವುದಾದರೆ ನೇರ ಎರಡಕ್ಕೇ ಹೋಗಿ.

ಎಷ್ಟು ಜನ ಎನ್ನುವುದನ್ನು ಕರಿಷ್ಮಾ ನಿರ್ಧರಿಸುತ್ತದೆ. ಅದರ ಅರ್ಧದಷ್ಟು ಸಂಗಾತಿಗಳು. ಕರಿಷ್ಮಾ 2 ಇದ್ದರೆ ಒಬ್ಬ, 6 ಇದ್ದರೆ ಮೂವರು. ಮ್ಯಾಗ್ನೆಟಿಕ್ ಪರ್ಸನಾಲಿಟಿ ಎಂಬ ಪರ್ಕ್ (ಲೆವೆಲ್ ಏರುವಾಗ ಆರಿಸುವ ವಿಶೇಷ ಗುಣ) ತೆಗೆದುಕೊಂಡರೆ ಇನ್ನೊಬ್ಬ. ಬೇರೆ ಗೇಮ್‌ಗಳಲ್ಲಿ ತಂಡ ಉಚಿತ, ಇಲ್ಲಿ ಪ್ರತಿಯೊಬ್ಬನಿಗೂ ನಿಮ್ಮ ಗುಣದಿಂದ ಬೆಲೆ ತೆರಬೇಕು. ಕರಿಷ್ಮಾ 6, ಮೂವರು ಸಂಗಾತಿಗಳು: ಇದು ಹೆಚ್ಚಿನವರಿಗೆ ಸಾಕು. ಅದಕ್ಕಿಂತ ಹೆಚ್ಚಾದರೆ ಕಾದಾಟದ ಸರದಿ ಬರುವುದನ್ನು ಕಾಯುತ್ತಾ ಕೂರಬೇಕಾಗುತ್ತದೆ.

ಕ್ಲಾಮತ್ ಊರಿನ ಸುಲಿಕ್ ಮೊದಲ ಆಯ್ಕೆ. ಅವನ ಸಾಲ 350 ಡಾಲರ್ ತೀರಿಸಿದರೆ ಹಿಂದೆ ಬರುತ್ತಾನೆ. ಮಾತಿನಲ್ಲೂ ಅವನದ್ದೇ ಸೊಗಸು: ತನ್ನ ಮೂಗಿನ ಎಲುಬನ್ನು ಅಜ್ಜನೆಂದು ಕರೆದು, ಊರೂರಿಗೂ ಅದು ಏನು ಹೇಳುತ್ತದೆ ಎಂದು ಒಗಟಿನಂತೆ ತಿಳಿಸುತ್ತಾನೆ. ಬೇಗ ಸೇರಿಸಿಕೊಂಡಷ್ಟೂ ಲಾಭ, ಏಕೆಂದರೆ ನೀವು ಲೆವೆಲ್ ಏರುವಾಗ ಅವನಿಗೂ ಏರುವ ಅವಕಾಶ ಸಿಗುತ್ತದೆ. ವಾಲ್ಟ್ ಸಿಟಿಯ ಕ್ಯಾಸಿಡಿ ಬಂದೂಕಿಗೆ ಒಳ್ಳೆಯ ಕೈ. ಬ್ರೋಕನ್ ಹಿಲ್ಸ್‌ನ ಮಾರ್ಕಸ್ ಸೂಪರ್ ಮ್ಯೂಟಂಟ್, ದೊಡ್ಡ ಬಂದೂಕು ಹಿಡಿಯುತ್ತಾನೆ, ಕವಚ ಮಾತ್ರ ಹಿಡಿಸುವುದಿಲ್ಲ.

ಎಲ್ಲರಿಗೂ ಸಾವು ತರುವ ತಪ್ಪು ಒಂದಿದೆ: ಸಂಗಾತಿಗೆ ಸುರಿಮಳೆ ಗುಂಡಿನ ಬಂದೂಕು ಕೊಟ್ಟು ಮರೆತುಬಿಡುವುದು. ನೀವು ವೈರಿಯ ಹತ್ತಿರ ಹೋಗಿ ಹೊಡೆದಾಡುವವರಾದರೆ, ಹಿಂದಿನವನ ಗುಂಡಿನ ಹಾದಿಯಲ್ಲಿ ನಿಮ್ಮ ಬೆನ್ನೇ ಇರುತ್ತದೆ. ಫಲಕದಲ್ಲಿ ಬರ್ಸ್ಟ್ ಆಯ್ಕೆಯನ್ನು ‘ನನಗೆ ತಗಲದು ಎಂದು ಪೂರ್ತಿ ಖಾತ್ರಿಯಾದರೆ ಮಾತ್ರ’ ಎಂಬಲ್ಲಿಗೆ ತನ್ನಿ. ಅದಕ್ಕೂ ಮೇಲೆ, ಒಂಟಿ ಗುಂಡಿನ ಬಂದೂಕೇ ಕೊಡಿ. ಪೆರಾಯ ಎಂಬ ನಾಯಿ ಎದುರಾದರೆ ಮುದ್ದು ಬೇಡ, ಅದು ಸೇರಿಕೊಂಡರೆ ಅದೃಷ್ಟ 1ಕ್ಕೆ ಇಳಿಯುತ್ತದೆ.

ಸಂಭಾಷಣೆಯ ದೃಷ್ಟಿಯಿಂದ ಫಾಲ್‌ಔಟ್ 2ರ ಸಂಗಾತಿಗಳು ಬಾಲ್ಡರ್ಸ್ ಗೇಟ್ 2ರ ಹತ್ತಿರಕ್ಕೂ ಬರುವುದಿಲ್ಲ. ತಮ್ಮತಮ್ಮಲ್ಲಿ ಮಾತು ಅಪರೂಪ, ತಲೆಯ ಮೇಲೆ ತೇಲುವ ಒಂದು ಸಾಲೇ ಹೆಚ್ಚು. ಇಲ್ಲಿ ಮಾತಿನ ಸಂಪತ್ತು ಊರವರಲ್ಲಿದೆ. ಸಂಗಾತಿ ಕಡಿಮೆ ಮಾತಾಡಿ ಹೆಚ್ಚು ಹೊಡೆಯಲಿ ಎನ್ನುವವರಿಗೆ ಇದು ಸರಿಯಾದ ಆಯ್ಕೆ.

ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2 (2004): ಪ್ರಭಾವದ ಲೆಕ್ಕ

ಸ್ಟಾರ್ ವಾರ್ಸ್ ಲೋಕದ ಈ ಗೇಮ್ ಅಬ್ಸಿಡಿಯನ್ ಮಾಡಿದ್ದು. ನಿಮ್ಮ ಬಾಹ್ಯಾಕಾಶ ಹಡಗಿನಲ್ಲಿ ಸಂಗಾತಿಗಳು ಅನೇಕ, ಹೊರಗೆ ಕರೆದೊಯ್ಯಲು ಇಬ್ಬರೇ. ಒಬ್ಬೊಬ್ಬರ ಮೇಲೂ ನಿಮ್ಮ ಪ್ರಭಾವಕ್ಕೆ ಅಂಕ ಇದೆ, ಅದು ಸಾಕಷ್ಟು ಏರಿದರೆ ಹಡಗಿನಲ್ಲಿ ಹೊಸ ಮಾತು ತೆರೆಯುತ್ತದೆ. ಪ್ರಭಾವ ಹೆಚ್ಚಿದ್ದರೆ ಸಂಗಾತಿ ನಿಮ್ಮ ದಾರಿಗೆ ವಾಲುತ್ತಾನೆ, ತೀರಾ ಕುಸಿದರೆ ವಿರುದ್ಧ ದಿಕ್ಕಿಗೆ. ಆಟನ್, ಬಾವೋ-ಡೂರ್, ಮಿರಾ ಮುಂತಾದವರನ್ನು ಜೆಡೈ (ಸ್ಟಾರ್ ವಾರ್ಸ್ ಲೋಕದ ಅತೀಂದ್ರಿಯ ಶಕ್ತಿಯ ಯೋಧರು) ಮಾಡುವ ದಾರಿಯೂ ಇದೇ.

ಕಷ್ಟ ಏನೆಂದರೆ, ಪ್ರಭಾವ ಹೆಚ್ಚಿಸುವ ಸಂದರ್ಭ ಬಂದಾಗ ಆ ವ್ಯಕ್ತಿ ನಿಮ್ಮ ಪಕ್ಕದ ಇಬ್ಬರಲ್ಲಿ ಒಬ್ಬನಾಗಿರಬೇಕು. ಬಾವೋ-ಡೂರ್‌ಗೆ ಅಂಥ ಅವಕಾಶಗಳು ಬೆರಳೆಣಿಕೆಯಷ್ಟು. ಅವನನ್ನು ಹಡಗಿನಲ್ಲಿ ಬಿಟ್ಟು ಗ್ರಹ ಸುತ್ತಿ ಬಂದರೆ ಅವನ ಕಥೆ ಅಲ್ಲಿಗೇ ಮುಚ್ಚಿತು. ಎಲ್ಲರನ್ನೂ ಅರೆಬರೆ ಒಲಿಸಿಕೊಳ್ಳುವ ಬದಲು ಇಬ್ಬರು ಮೂವರನ್ನು ಗೊತ್ತು ಮಾಡಿಕೊಂಡು ಅವರನ್ನೇ ಜೊತೆಗಿಟ್ಟುಕೊಳ್ಳಿ. ಎಕ್ಸ್‌ಪೀರಿಯನ್ಸ್ ಹಡಗಿನಲ್ಲಿದ್ದವರಿಗೂ ಸಿಗುವುದರಿಂದ ಬಲದ ಚಿಂತೆ ಬೇಡ. ನಾಯಕ ಗಂಡಾದರೆ ಹ್ಯಾಂಡ್‌ಮೇಡನ್, ಹೆಣ್ಣಾದರೆ ಡಿಸೈಪಲ್ ಸೇರುವುದು. ಬೆಳಕಿನ ದಾರಿಗೆ ಮಿರಾ, ಕತ್ತಲ ದಾರಿಗೆ ಹನ್‌ಹಾರ್. ಒಂದೇ ಸಲ ಆಡಿದರೆ ಎಲ್ಲರೂ ಸಿಗರು.

ಇದನ್ನು ಆಡಬೇಕಾದದ್ದು ಕ್ರೇಯಾ ಎಂಬ ಮುದುಕಿ ಸಂಗಾತಿಗಾಗಿ. ನಾರ್ ಶದ್ದಾದಲ್ಲಿ ಭಿಕ್ಷುಕನಿಗೆ ಹಣ ಕೊಟ್ಟರೂ, ಬೆದರಿಸಿ ಓಡಿಸಿದರೂ ಅವಳು ಆ ಕೆಲಸದ ಪರಿಣಾಮವನ್ನು ಎದುರಿಗಿಟ್ಟು ಪ್ರಶ್ನಿಸುತ್ತಾಳೆ. ಮೆಚ್ಚುಗೆಯ ಅಂಕಕ್ಕಾಗಿ ಉತ್ತರ ಹುಡುಕುವ ಆಟಗಾರನ ಚಾಳಿಯನ್ನೇ ಬರಹ ತಿರುಗಿಸಿ ಕೇಳುತ್ತದೆ. ಅಂಕದ ಪದ್ಧತಿಯ ಒಳಗೇ ಅದರ ವಿಮರ್ಶೆ ಇಟ್ಟ ಸಂಗಾತಿ ಇನ್ನೊಬ್ಬಳಿಲ್ಲ. ಆದರೆ ಅವಸರದಲ್ಲಿ ಬಿಡುಗಡೆಯಾದ ಗೇಮ್ ಇದು, ಕೊನೆಯ ಭಾಗದಲ್ಲಿ ಎಳೆಗಳು ಕಡಿದಿವೆ. ಅಭಿಮಾನಿಗಳು ಮಾಡಿದ ‘ರಿಸ್ಟೋರ್ಡ್ ಕಂಟೆಂಟ್’ ಮಾಡ್ (ಗೇಮನ್ನು ಮಾರ್ಪಡಿಸುವ ಸೇರ್ಪಡೆ) ಹಾಕದೆ ಶುರು ಮಾಡಬೇಡಿ.

ಇನ್ನೆರಡು, ಬೇಗನೆ

‘ಆರ್ಕೇನಮ್’ (2001) ಮಂತ್ರ ಮತ್ತು ಯಂತ್ರದ ನಡುವಿನ ಲೋಕ. ಸಂಗಾತಿಗಳ ಸಂಖ್ಯೆ ಕರಿಷ್ಮಾದ ನಾಲ್ಕನೇ ಒಂದು ಭಾಗ. ನೀವು ತಂತ್ರಜ್ಞಾನದ ಕಡೆ ವಾಲಿದಷ್ಟೂ ವರ್ಜಿಲ್ ಎಂಬ ಸಂಗಾತಿಯ ಗಾಯ ಮಾಯಿಸುವ ಮಂತ್ರ ನಿಮ್ಮ ಮೇಲೆ ಕೆಲಸ ಮಾಡುವುದಿಲ್ಲ. ಬಂದೂಕಿನ ಹಾದಿ ಹಿಡಿಯುವವರು ವೈದ್ಯವಿದ್ಯೆಯನ್ನೂ ಕಲಿತಿರಿ. ಆಶ್‌ಬರಿ ಊರಲ್ಲಿ ಒಬ್ಬ ನೋಮ್ (ಕುಳ್ಳ ಜನಾಂಗದವ) ಒದೆಯುತ್ತಿರುವ ನಾಯಿಯನ್ನು ಬಿಡಿಸಿಕೊಳ್ಳಿ, ತಂಡದಲ್ಲಿ ಅದರಷ್ಟು ಹೊಡೆಯುವವರು ಕಡಿಮೆ.

‘ಐಸ್‌ವಿಂಡ್ ಡೇಲ್’ (2000) ಆರೂ ಜನರನ್ನು ನೀವೇ ಸೃಷ್ಟಿಸುವ ಗೇಮ್. ಸಂಗಾತಿಗಳ ಮಾತು ಸೊನ್ನೆ. ಅದನ್ನು ಹುಡುಕಿ ಇಲ್ಲಿಗೆ ಬರಬೇಡಿ. ಕ್ಲಾಸ್‌ಗಳನ್ನು ಹೊಂದಿಸಿ ಕಾದಾಡುವ ಸುಖ ಬೇಕಿದ್ದರೆ ಮಾತ್ರ ಬನ್ನಿ.

ಶುರು ಮಾಡುವ ಮೊದಲು

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರು ಟಾರ್ಮೆಂಟ್ ಬಿಟ್ಟು ಫಾಲ್‌ಔಟ್ 2 ಹಿಡಿಯುವುದು ಒಳ್ಳೆಯದು. ಟಾರ್ಮೆಂಟ್‌ನಲ್ಲಿ ಒಂದು ಸಂಭಾಷಣೆಯೇ ಅಷ್ಟು ಹೊತ್ತು ತಿನ್ನುತ್ತದೆ, ನಡುವೆ ಎದ್ದು ಹೋದರೆ ಎಳೆ ತಪ್ಪುತ್ತದೆ. ಬಾಲ್ಡರ್ಸ್ ಗೇಟ್ ಎರಡನ್ನೂ ಆಡುವ ಮನಸ್ಸಿದ್ದರೆ ಕ್ರಮವಾಗಿಯೇ ಆಡಿ: ಮೊದಲನೆಯದರಲ್ಲಿ ಒಂದೊಂದು ಸಾಲು ಮಾತಾಡಿದ ಜಹೀರಾ, ಮಿನ್ಸ್ಕ್, ಎಡ್ವಿನ್, ವಿಕೋನಿಯಾ ಎರಡನೆಯದರಲ್ಲಿ ಬಾಯಿ ತುಂಬ ಮಾತಾಡುವಾಗ ಹಳೆಯ ಪರಿಚಯದ ತೂಕ ಇರುತ್ತದೆ, ಪಾತ್ರವನ್ನೂ ಅಲ್ಲಿಂದ ಇಲ್ಲಿಗೆ ತರಬಹುದು. ಮೊದಲನೆಯದರ ಮೌನ ಸಹಿಸಲಾಗದವರಿಗೆ ‘ಬಿಜಿ1 ಎನ್‌ಪಿಸಿ ಪ್ರಾಜೆಕ್ಟ್’ ಎಂಬ ಅಭಿಮಾನಿಗಳ ಮಾಡ್ ಇದೆ, ಸಂಗಾತಿಗಳಿಗೆ ಮಾತು ಸೇರಿಸುತ್ತದೆ.

ಮಾಡ್ ಯಾವುದೇ ಇರಲಿ, ಗೇಮ್ ಇನ್‌ಸ್ಟಾಲ್ ಮಾಡಿ, ಪ್ಯಾಚ್ ಹಾಕಿ, ಆಮೇಲೆ ಮಾಡ್ ಹಾಕಿ, ಕೊನೆಗೆ ಹೊಸ ಆಟ ಶುರು ಮಾಡಿ. ಅರ್ಧ ಆಡಿದ ಸೇವ್ ಮೇಲೆ ಸಂಭಾಷಣೆಯ ಮಾಡ್ ಹಾಕಿದರೆ, ಆಗಲೇ ದಾಟಿಹೋದ ಎಣಿಕೆಗಳು ಹೊಸ ಸ್ಕ್ರಿಪ್ಟಿಗೆ ಸಿಗದೆ ಸಂಗಾತಿ ಪೂರ್ತಿ ಮೂಕನಾಗಬಹುದು. ಸೇವ್ ಸಹ ಒಂದೇ ಕಡೆ ಮೇಲಿಂದ ಮೇಲೆ ಬರೆಯಬೇಡಿ. ಸಂಗಾತಿ ತಂಡ ಬಿಟ್ಟು ಹೋಗಲು ಕಾರಣವಾದ ಮಾತು ಹತ್ತು ಗಂಟೆ ಹಿಂದಿನದ್ದಾಗಿರಬಹುದು. ಅಧ್ಯಾಯಕ್ಕೊಂದು, ಹೊಸ ಸಂಗಾತಿ ಸೇರುವ ಮೊದಲು ಒಂದು, ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ.